ಐರಿಷ್ ಮನೆಮದ್ದು: ಅಳತೆ ಎಲ್ಲಿ ಹೋಯಿತು?

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಐರ್ಲೆಂಡಿನ ಹಳ್ಳಿಮದ್ದುಗಳ ಬಗ್ಗೆ ಬಂದ ಬರಹ ಓದಿದೆವು. ಕಡಲಪಾಚಿಯ ಹಾಲು, ನೆಟಲ್ ಸೊಪ್ಪಿನ ಸಾರು, ಮೂಳೆ ಮುರಿದರೆ ಕಾಂಫ್ರಿ ಕಷಾಯ, ಸುಟ್ಟರೆ ಬೆಣ್ಣೆ, ಭೇದಿಯಾದರೆ ಗುಳ್ಳೆ ಹೋದ ಸೋಡಾ ಎಂದು ಹತ್ತು ಹನ್ನೆರಡು ಮದ್ದುಗಳು ಒಂದೇ ಉಸಿರಿನಲ್ಲಿ ಬಂದುಹೋದವು. ಎಷ್ಟು ಹಾಕಬೇಕು, ಎಷ್ಟು ಹೊತ್ತು ಕುದಿಸಬೇಕು, ಯಾರು ಮುಟ್ಟಬಾರದು ಎಂಬ ಮಾತು ಒಂದಕ್ಕೂ ಇಲ್ಲ. ಉಪ್ಪಿನಕಾಯಿಗೆ ಉಪ್ಪೆಷ್ಟು ಎಂದು ಹೇಳದ ಬರಹವನ್ನು ನೀವು ಅಡುಗೆ ಪುಟದಲ್ಲಿ ಹಾಕುವುದಿಲ್ಲ. ಮದ್ದಿಗೇಕೆ ಈ ರಿಯಾಯಿತಿ? ಐರ್ಲೆಂಡಿನಲ್ಲಿ ಔಷಧ ಮತ್ತು ಸಸ್ಯಗಳ ಕೆಲಸದಲ್ಲಿರುವ ಕನ್ನಡಿಗರು ನಾವು. ಬರಹ ಬಿಟ್ಟದ್ದನ್ನು ತುಂಬಿಕೊಡಲು, ಅದರಲ್ಲಿನ ಮೂರು ಅಪಾಯದ ಮಾತುಗಳನ್ನು ತಿದ್ದಲು ಈ ಪತ್ರ.

ಮೊದಲು ಕಾಂಫ್ರಿ. ಇದು ತಡಮಾಡುವ ವಿಷಯವಲ್ಲ. ಐರಿಷ್ ನುಡಿಯಲ್ಲಿ ಇದನ್ನು 'ಲುಸ್ ನ ಗ್ನಾವ್ ಮ್ರಿಷ್ಟೆ' ಎನ್ನುತ್ತಾರೆ, ಮುರಿದ ಮೂಳೆಗಳ ಗಿಡ ಎಂದು ಅರ್ಥ. ಹೆಸರು ಕೇಳಿದವರಿಗೆ ಕುಡಿದರೆ ಮೂಳೆ ಕೂಡುತ್ತದೆ ಎನಿಸುವುದು ಸಹಜ. ಆದರೆ ಆ ಹೆಸರು ಬಂದದ್ದು ಹೊರಗಿನ ಬಳಕೆಯಿಂದ. ಬೇರನ್ನು ಅಗೆದು, ತೊಳೆದು, ತುರಿದರೆ ಲೋಳೆ ಲೋಳೆಯಾದ ಮುದ್ದೆ ಸಿಗುತ್ತದೆ. ಅದನ್ನು ಬಟ್ಟೆಗೆ ಬೆರಳುದಪ್ಪ ಬಳಿದು ಉಳುಕಿದ ಕೀಲಿನ ಸುತ್ತ ಕಟ್ಟಿದರೆ ಒಣಗುತ್ತಾ ಬಿಗಿಯಾಗುತ್ತದೆ, ಕೀಲು ಅಲುಗದಂತೆ ಹಿಡಿಯುತ್ತದೆ. ಹಳ್ಳಿಯ ಮೂಳೆ ಕೂರಿಸುವವರಿಗೆ ಬೇಕಿದ್ದದ್ದು ಈ ಬಿಗಿತ. ಬೇರಿನಲ್ಲಿರುವ ಅಲ್ಲಾಂಟೊಯಿನ್ ಎಂಬ ಅಂಶ ಚರ್ಮ ಕೂಡಲು ಒತ್ತಾಸೆಯಾಗುತ್ತದೆ, ಕಾಂಫ್ರಿ ಮುಲಾಮಿನಿಂದ ಉಳುಕಿನ ನೋವು ಕಡಿಮೆಯಾಗುತ್ತದೆ ಎಂಬುದಕ್ಕೂ ಆಧಾರವಿದೆ. ಆದರೆ ಅದೇ ಬೇರಿನಲ್ಲಿ ಪೈರೊಲಿಜಿಡಿನ್ ಆಲ್ಕಲಾಯ್ಡ್‌ಗಳೂ ಇವೆ. ಹೊಟ್ಟೆಗೆ ಹೋದರೆ ಇವು ಪಿತ್ತಜನಕಾಂಗದ ಸಣ್ಣ ರಕ್ತನಾಳಗಳನ್ನು ಮುಚ್ಚಿಬಿಡುತ್ತವೆ. ಒಂದು ಲೋಟಕ್ಕೆ ಏನೂ ತೋರದಿರಬಹುದು. ವಾರಗಟ್ಟಲೆ ಕುಡಿದವರಿಗೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡಾಗಲೇ ಗೊತ್ತಾಗುವುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2001ರಲ್ಲೇ ಕುಡಿಯುವ ಕಾಂಫ್ರಿ ಉತ್ಪನ್ನಗಳನ್ನು ಮಾರುಕಟ್ಟೆಯಿಂದ ತೆಗೆಯುವಂತೆ ತಯಾರಕರಿಗೆ ಸೂಚಿಸಿತು.

ಹಾಗಾಗಿ ಕಾಂಫ್ರಿಯನ್ನು ಕುಡಿಯಲೇಬಾರದು. ಹಚ್ಚುವುದಾದರೆ ಒಡೆಯದ ಚರ್ಮದ ಮೇಲೆ ಮಾತ್ರ, ಒಮ್ಮೆಗೆ ಹತ್ತು ದಿನ ದಾಟದಂತೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಮಕ್ಕಳಿಗೆ ಅದೂ ಬೇಡ. ಮೂಳೆ ನಿಜವಾಗಿ ಮುರಿದಿದ್ದರೆ ಎಕ್ಸ್‌ರೇ ಆಗುವ ಮೊದಲು ಬಿಗಿ ಪಟ್ಟು ಕಟ್ಟುವುದೂ ತಪ್ಪು. ಊತ ಏರುತ್ತಿರುವ ಕಾಲಿಗೆ ಒಣಗಿ ಬಿಗಿಯುವ ಲೇಪ ಕಟ್ಟಿದರೆ ರಕ್ತ ಓಡುವುದಕ್ಕೇ ಜಾಗ ಉಳಿಯುವುದಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಹೂ ಬಿಡುವ ಮುಂಚೆ ಕಾಂಫ್ರಿಯ ಎಲೆಯೂ ಫಾಕ್ಸ್‌ಗ್ಲೋವ್ ಎಲೆಯೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಫಾಕ್ಸ್‌ಗ್ಲೋವ್ ಎಂದರೆ ಹೃದಯದ ಔಷಧ ಡಿಜಿಟಾಲಿಸ್‌ನ ಮೂಲ, ಕೆಲವೇ ಎಲೆ ಹೃದಯದ ಬಡಿತವನ್ನು ಕೆಡಿಸಬಲ್ಲವು. ಕಾಂಫ್ರಿ ಚಹಾ ಎಂದು ಫಾಕ್ಸ್‌ಗ್ಲೋವ್ ಕುಡಿದು ಆಸ್ಪತ್ರೆ ಸೇರಿದವರ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಗುರುತು ಹೀಗೆ: ಕಾಂಫ್ರಿ ಎಲೆಯ ಅಂಚು ನುಣುಪು, ಮುಟ್ಟಿದರೆ ಒರಟು ಕೂದಲು ಕೈಗೆ ಚುಚ್ಚುತ್ತದೆ. ಫಾಕ್ಸ್‌ಗ್ಲೋವ್ ಎಲೆಯ ಅಂಚಿನಲ್ಲಿ ಸಣ್ಣ ಹಲ್ಲುಗಳಿರುತ್ತವೆ, ಕೆಳಮೈ ಬೂದುಬಣ್ಣದ ಮಖಮಲ್ಲಿನಂತೆ ಮೆತ್ತಗಿರುತ್ತದೆ. ಎರಡೂ ಒಂದೇ ತೋಟದ ಅಂಚಿನಲ್ಲಿ ಬೆಳೆಯುತ್ತವೆ.

ಈ ಮದ್ದುಗಳ ಅಳತೆ ಕಳೆದುಹೋದದ್ದು ನಿಮ್ಮ ಲೇಖಕರೊಬ್ಬರ ತಪ್ಪಿನಿಂದಲ್ಲ ಎಂಬುದನ್ನೂ ಒಪ್ಪಬೇಕು. ನಾವೆಲ್ಲ ನೆಚ್ಚುವ ದೊಡ್ಡ ಆಕರವೇ ಹಾಗಿದೆ. 1935ರಲ್ಲಿ ಹುಟ್ಟಿದ ಐರಿಷ್ ಜಾನಪದ ಆಯೋಗ 1937ರಿಂದ 1939ರ ನಡುವೆ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ನೋಟ್‌ಬುಕ್ ಕೊಟ್ಟು, ಮನೆಯ ಹಿರಿಯರಿಂದ ಕೇಳಿ ಬರೆದು ತನ್ನಿ ಎಂದಿತು. ದೊಡ್ಡ ತರಗತಿಯ ಮಕ್ಕಳು, ಬಹುತೇಕ ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನವರು, ಭೂತಪ್ರೇತದ ಕಥೆಗಳ ಜೊತೆಗೆ ಊರಿನ ಮದ್ದುಗಳನ್ನೂ ಬರೆದರು. ಒಟ್ಟು ಸುಮಾರು 7,40,000 ಪುಟ. ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿರುವ ಆ ಸಂಗ್ರಹದ ಬಹುಭಾಗವನ್ನು ಈಗ 'ದೂಖಸ್' ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಓದಿದರೆ ಗೊತ್ತಾಗುತ್ತದೆ: 'ಇದನ್ನು ಕುದಿಸಿ ಕುಡಿದರೆ ಕೆಮ್ಮು ಹೋಗುತ್ತದೆ' ಎಂಬಲ್ಲಿಗೆ ವಾಕ್ಯ ಮುಗಿಯುತ್ತದೆ. ಅಳತೆ ಅಜ್ಜಿಯ ಕೈಯಲ್ಲಿತ್ತು, ಮಗುವಿನ ಕಿವಿಗೆ ಬಿದ್ದದ್ದು ಹೆಸರು ಮಾತ್ರ. ಊರಲ್ಲಿ ನಿಜವಾಗಿ ಮಾಡುತ್ತಿದ್ದದ್ದು, ಯಾವಾಗಲೋ ಯಾರೋ ಹೇಳಿದ್ದು, ಬರೀ ತಮಾಷೆ ಎಲ್ಲವೂ ಒಂದೇ ಪುಟದಲ್ಲಿ ಪಕ್ಕಪಕ್ಕ ಕುಳಿತಿವೆ. ಜನ ಏನು ಹೇಳುತ್ತಿದ್ದರು ಎಂಬುದಕ್ಕೆ ಅದು ಚಿನ್ನದಂಥ ದಾಖಲೆ. ಏನು ಕುಡಿಯಬಹುದು ಎಂಬುದಕ್ಕಲ್ಲ.

ಹಾಗೆಂದು ಎಲ್ಲವೂ ಪೊಳ್ಳಲ್ಲ. ನಮ್ಮ ಮೆಚ್ಚಿನದು ಕ್ಯಾರಗೀನ್. ಐರ್ಲೆಂಡಿನ ಪಶ್ಚಿಮ ಮತ್ತು ದಕ್ಷಿಣ ಕರಾವಳಿಯ ಬಂಡೆಗಳಿಗೆ ಅಂಟಿ ಬೆಳೆಯುವ, ಬೀಸಣಿಗೆಯಂತೆ ಕವಲೊಡೆದ, ಕೆಂಪು-ನೇರಳೆ ಬಣ್ಣದ ಪಾಚಿ ಇದು. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತದಲ್ಲಿ ಮಾತ್ರ ಆ ಬಂಡೆಗಳು ಚೆನ್ನಾಗಿ ಬಯಲಾಗುತ್ತವೆ. ಬುಡ ಬಿಟ್ಟು ಕತ್ತರಿಯಿಂದ ಕತ್ತರಿಸಬೇಕು. ಕಿತ್ತರೆ ಮತ್ತೆ ಚಿಗುರುವುದಿಲ್ಲ. ತೊಳೆದು ಹುಲ್ಲಿನ ಮೇಲೆ ಹರಡಿ, ಬಿಸಿಲಿಗೂ ಮಳೆಗೂ ಬಿಟ್ಟು, ದಿನಾ ಮಗುಚುತ್ತಾ ಬಂದರೆ ವಾರದೊಳಗೆ ಅಥವಾ ಇನ್ನಷ್ಟು ದಿನದಲ್ಲಿ ನೇರಳೆ ಹೋಗಿ ಗುಲಾಬಿ, ಗುಲಾಬಿ ಹೋಗಿ ಕೆನೆಬಣ್ಣ ಬರುತ್ತದೆ. ಮಳೆಯಿಲ್ಲದಿದ್ದರೆ ನೀರು ಚಿಮುಕಿಸುತ್ತಾರೆ. ಐರ್ಲೆಂಡಿನಲ್ಲಿ ಅದರ ಅಗತ್ಯ ಅಪರೂಪ. ಬಣ್ಣದ ಜೊತೆಗೆ ಮೀನುವಾಸನೆಯೂ ಬಹುಪಾಲು ಹೋಗುತ್ತದೆ, ಈ ಮಗುಚುವ ಕೆಲಸದ ಉದ್ದೇಶವೂ ಅದೇ.

ಕೆಮ್ಮಿಗೆ ಮಾಡುವ ಕಷಾಯಕ್ಕೆ 10 ಗ್ರಾಂ ಒಣ ಪಾಚಿ ಸಾಕು, ಸಡಿಲವಾಗಿ ಹಿಡಿದರೆ ಒಂದು ಹಿಡಿ. ತಣ್ಣೀರಿನಲ್ಲಿ ಹದಿನೈದು ನಿಮಿಷ ನೆನೆಸಿದರೆ ಉಬ್ಬುತ್ತದೆ. ಆ ನೀರನ್ನು ಚೆಲ್ಲಿಬಿಡಿ, ಮರಳು ಉಪ್ಪು ಅದರಲ್ಲಿರುತ್ತವೆ. ಒಂದು ಲೀಟರ್ ಹೊಸ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ ಕಾಯಿಸಿ ಸೋಸಬೇಕು. ಸೋಸುವಾಗ ಸುಮ್ಮನೆ ಸುರಿದರೆ ಸಾರವೆಲ್ಲ ಜರಡಿಯಲ್ಲೇ ಉಳಿಯುತ್ತದೆ. ಸೌಟಿನ ಬೆನ್ನಿನಿಂದ ಒತ್ತಿ, ಜರಡಿಯ ಕೆಳಭಾಗಕ್ಕೆ ಅಂಟಿದ ಲೋಳೆಯನ್ನೂ ಕೆರೆದು ಹಾಕಬೇಕು. ನಿಂಬೆರಸ ಮತ್ತು ಜೇನು ಒಲೆಯಿಂದ ಇಳಿಸಿದ ಮೇಲೆಯೇ. ಕುದಿಯುವಾಗ ಹುಳಿ ಬಿದ್ದರೆ ಕ್ಯಾರಗೀನನ್ ಎಂಬ ಆ ಲೋಳೆಯ ಉದ್ದನೆಯ ಎಳೆಗಳು ತುಂಡಾಗಿ ಕಷಾಯ ನೀರಾಗಿಬಿಡುತ್ತದೆ. ನಾವು ನೋಡಿದ ಹಾಗೆ ಹೊಸಬರು ಹೆಚ್ಚು ಮಾಡುವ ತಪ್ಪು ಇದು. ಬಿಸಿಯಿರುವಾಗ ಗುಟುಕು ಗುಟುಕಾಗಿ ಕುಡಿಯಬೇಕು. ಲೋಳೆ ಗಂಟಲಿನ ಒಳಗೋಡೆಗೆ ಪದರದಂತೆ ಕೂತು ಕೆರೆತವನ್ನು ತಗ್ಗಿಸುತ್ತದೆ. ಸೋಂಕನ್ನು ಅದು ಮುಟ್ಟುವುದಿಲ್ಲ, ಒಂದು ಗಂಟೆ ಕಳೆದರೆ ಕೆರೆತ ವಾಪಸ್ಸು ಬರಬಹುದು. ಒಣಕೆಮ್ಮಿನ ರಾತ್ರಿಯಲ್ಲಿ ಒಂದು ಗಂಟೆಯೂ ದೊಡ್ಡದೇ.

ಹಾಲಿನಲ್ಲಿ ಮಾಡುವುದಾದರೆ ಅಳತೆ ಬದಲಾಗುತ್ತದೆ, ನಿಮ್ಮ ಬರಹ ಎಡವಿದ್ದೂ ಇಲ್ಲಿ. ಕ್ಯಾರಗೀನನ್ ಹಾಲಿನ ಕೇಸೀನ್ ಎಂಬ ಪ್ರೋಟೀನಿನ ಜೊತೆ ಹೆಣೆದುಕೊಳ್ಳುವುದರಿಂದ ನೀರಿಗಿಂತ ಕಡಿಮೆ ಪಾಚಿಗೇ ಹಾಲು ಗಟ್ಟಿಯಾಗುತ್ತದೆ. 900 ಮಿಲಿಲೀಟರ್ ಹಾಲಿಗೆ 7ರಿಂದ 8 ಗ್ರಾಂ, ಇಪ್ಪತ್ತು ನಿಮಿಷ, ತಳ ಹಿಡಿಯದಂತೆ ಆಗಾಗ ಕೈಯಾಡಿಸುತ್ತಾ. ನೀರಿನ ಅಳತೆಯನ್ನೇ ಹಾಲಿಗೂ ಹಾಕಿದರೆ ಬೆಳಿಗ್ಗೆ ಪಾತ್ರೆಯಲ್ಲಿ ಮೀನುವಾಸನೆಯ ರಬ್ಬರು ಕೂತಿರುತ್ತದೆ. ನಮ್ಮ ಅಂಗಡಿಗಳ ಚೈನಾ ಗ್ರಾಸ್ ಇದೇ ಎಂದು ಬರೆದಿದ್ದೀರಿ, ಅಲ್ಲ. ಅದು ಅಗರ್, ಬೇರೆ ಕೆಂಪು ಪಾಚಿಗಳಿಂದ ತೆಗೆದದ್ದು. ಅದರ ಗಟ್ಟಿತನಕ್ಕೆ ಹಾಲಿನ ಹಂಗಿಲ್ಲ, ಒಂದರ ಅಳತೆ ಇನ್ನೊಂದಕ್ಕೆ ಬರುವುದಿಲ್ಲ. ಪಾಚಿಯಲ್ಲಿ ಅಯೋಡಿನ್ ಇರುವುದರಿಂದ ಥೈರಾಯ್ಡ್ ಮಾತ್ರೆ ನುಂಗುವವರು ಇದನ್ನು ದಿನನಿತ್ಯದ ಅಭ್ಯಾಸ ಮಾಡಿಕೊಳ್ಳಬಾರದು. ಒಂದು ವರ್ಷ ತುಂಬದ ಮಗುವಿಗೆ ಜೇನು ಎಲ್ಲಿಯೂ, ಯಾವುದರಲ್ಲಿಯೂ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ಬೀಜಕಣಗಳನ್ನು ಎಳೆಯ ಕರುಳು ತಡೆಯಲಾರದು.

ಕೆಮ್ಮಿನ ಮಾತಿಗೇ ಸೇರಿದ್ದು ಮಲ್ಲೀನ್ ಹಾಲು. ಎತ್ತರದ ಹಳದಿ ಹೂದಂಡಿನ, ಕಂಬಳಿಯಂಥ ಎಲೆಯ ಗಿಡ. ಒಂದು ಔನ್ಸ್, ಅಂದರೆ 28 ಗ್ರಾಂ ಒಣ ಎಲೆಯನ್ನು ಒಂದು ಪೈಂಟ್ ಹಾಲಿನಲ್ಲಿ ಹತ್ತು ನಿಮಿಷ ಕಾಯಿಸುವುದು ಹಳೆಯ ಕ್ರಮ. ಪೈಂಟ್ ಎಂದರೆ ಇಲ್ಲಿ 568 ಮಿಲಿಲೀಟರ್. ಚಹಾದ ಜಾಲರಿಯಲ್ಲಿ ಸೋಸಿದರೆ ಎಲೆಯ ಸಣ್ಣ ರೋಮಗಳು ಹಾಲಿನಲ್ಲೇ ಉಳಿದು ಗಂಟಲನ್ನು ಇನ್ನಷ್ಟು ಕೆರೆಯುತ್ತವೆ. ತೆಳುಬಟ್ಟೆಯನ್ನು ಎರಡು ಮೂರು ಮಡಿಕೆ ಮಾಡಿ ಸೋಸಬೇಕು. ಕ್ಷಯಕ್ಕೂ ಇದೇ ಮದ್ದು ಎಂಬ ನಂಬಿಕೆ ಐರ್ಲೆಂಡಿನಲ್ಲಿ ಎಷ್ಟು ಬಲವಾಗಿತ್ತೆಂದರೆ ಕ್ವಿನ್ಲನ್ ಎಂಬ ಡಬ್ಲಿನ್ ವೈದ್ಯರು ರೋಗಿಗಳಿಗೆ ಕೊಟ್ಟು ನೋಡಿ 1883ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಬರೆದರು. ಅದಕ್ಕೆ ಒಂದು ವರ್ಷ ಮೊದಲಷ್ಟೇ ಜರ್ಮನ್ ವಿಜ್ಞಾನಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿದ್ದರು. ಹಾಲು ಕೆಮ್ಮಿಗೆ ಸಮಾಧಾನ ಕೊಟ್ಟಿರಬಹುದು, ರೋಗಾಣುವಿಗೆ ಅದರಿಂದ ಏನೂ ಆಗುವುದಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ, ಮಲ್ಲೀನ್ ಅಲ್ಲ.

ನೆಟಲ್ ಮತ್ತು ಡಾಕ್ ಎಲೆಯ ಜೋಡಿ ಐರ್ಲೆಂಡಿನ ಪ್ರತಿ ಮಗುವಿಗೂ ಗೊತ್ತು. 'ನೆಟಲ್ ನನ್ನ ಸುಟ್ಟಿತು, ಡಾಕ್ ನನ್ನ ವಾಸಿ ಮಾಡಿತು' ಎಂದು ಐರಿಷ್‌ನಲ್ಲಿ ಹೇಳುತ್ತಾ ಉಜ್ಜುತ್ತಾರೆ. ಮಲೆನಾಡಿನವರು ತುರಚೆ ಸೊಪ್ಪನ್ನು ನೆನೆಸಿಕೊಂಡರೆ ನೆಟಲ್ ಅರ್ಥವಾಗುತ್ತದೆ, ಡಾಕ್ ನಮ್ಮ ಚುಕ್ಕೆಸೊಪ್ಪಿನ ಕುಲದ್ದು. ನೆಟಲ್‌ನಲ್ಲಿರುವುದು ಆಮ್ಲ, ಡಾಕ್‌ನಲ್ಲಿರುವುದು ಕ್ಷಾರ, ಒಂದು ಇನ್ನೊಂದನ್ನು ಹೊಡೆಯುತ್ತದೆ ಎಂಬ ವಿವರಣೆಯನ್ನು ನಿಮ್ಮ ಬರಹವೂ ಕೊಟ್ಟಿದೆ. ಶಾಲೆಯ ಪುಸ್ತಕಗಳಲ್ಲೂ ಹೀಗೇ ಇರುತ್ತದೆ, ಆದರೂ ತಪ್ಪು. ನೆಟಲ್‌ನ ಗಾಜಿನಂಥ ರೋಮ ಮುರಿದು ಚರ್ಮದೊಳಗೆ ಬಿಡುವುದು ಮುಖ್ಯವಾಗಿ ಹಿಸ್ಟಮಿನ್, ಅಸಿಟೈಲ್‌ಕೋಲಿನ್, ಸೆರೊಟೋನಿನ್ ಎಂಬ ಉರಿ ಎಬ್ಬಿಸುವ ರಾಸಾಯನಿಕಗಳನ್ನು. ಡಾಕ್ ರಸವೋ ಆಕ್ಸಾಲಿಕ್ ಆಮ್ಲದಿಂದ ತಾನೇ ಹುಳಿ. ಹಾಯೆನಿಸುವುದು ರಸದ ತಂಪಿನಿಂದ, ಉಜ್ಜುವಾಗ ಉರಿಯಿಂದ ಮನಸ್ಸು ಬೇರೆಡೆ ಹೋಗುವುದರಿಂದ. ಸುಮಾರು ಹೊತ್ತು ಉಜ್ಜುವಷ್ಟರಲ್ಲಿ ಉರಿ ತಾನಾಗಿಯೂ ಇಳಿದಿರುತ್ತದೆ. ಕ್ರಮವಾಗಿ ಮಾಡುವವರು ಮೊದಲು ಉಜ್ಜುವುದಿಲ್ಲ, ಚರ್ಮದಲ್ಲಿ ಸಿಕ್ಕಿದ ರೋಮ ಆಗ ಇನ್ನೂ ಒಳಗೆ ಹೋಗುತ್ತದೆ. ಅಂಟುಪಟ್ಟಿಯನ್ನು ಒತ್ತಿ ಎಳೆದು ರೋಮ ತೆಗೆದು, ಸೋಪುನೀರಿನಲ್ಲಿ ತೊಳೆದು, ಆಮೇಲೆ ಬೇಕಿದ್ದರೆ ಡಾಕ್‌ನ ನಡುವಿನ ಎಳೆಯ ಎಲೆಯನ್ನು ಕೈಯಲ್ಲಿ ಹೊಸಕಿ, ರಸ ಬಂದ ಮೇಲೆ ಒತ್ತಿ ಹಿಡಿಯುತ್ತಾರೆ. ಹೊರಗಿನ ಒಣ ಎಲೆಯಲ್ಲಿ ರಸವೇ ಇರುವುದಿಲ್ಲ.

ಅದೇ ನೆಟಲ್ ಅನ್ನು ವಸಂತದಲ್ಲಿ ಮೂರು ಸಲ ತಿಂದರೆ ವರ್ಷವಿಡೀ ರೋಗವಿಲ್ಲ ಎಂಬ ಮಾತೂ ಉಂಟು. ಕೆಲವು ಕಡೆ ಮೇ ತಿಂಗಳಿಗೆ ಮುಂಚೆ, ಕೆಲವು ಕಡೆ ಮೇ ತಿಂಗಳಲ್ಲೇ. ಚಳಿಗಾಲವೆಲ್ಲ ಆಲೂಗಡ್ಡೆ, ಉಪ್ಪು ಹಾಕಿದ ಮಾಂಸದ ಮೇಲೆ ಕಳೆದವರಿಗೆ ಮೊದಲು ಕಾಣುವ ಹಸಿರು ಇದೇ, ಹಾಗಾಗಿ ಮಾತಿನಲ್ಲಿ ತಿರುಳಿದೆ. ಕೈಗವಸು ಹಾಕಿ ತುದಿಯ ನಾಲ್ಕರಿಂದ ಆರು ಎಲೆ ಮಾತ್ರ ಕೀಳಬೇಕು. ಕುದಿನೀರಿನಲ್ಲಿ ಎರಡು ನಿಮಿಷ ಮುಳುಗಿಸಿದರೆ ಚುಚ್ಚುವ ಗುಣ ಹೋಗುತ್ತದೆ. ಹೂ ಬಿಟ್ಟ ಮೇಲೆ ಎಲೆಯಲ್ಲಿ ಸುಣ್ಣದ ಸಣ್ಣ ಹರಳು ಕಟ್ಟಿ ಮರಳು ಜಗಿದಂತಾಗುತ್ತದೆ, ಆಗ ಬಿಡಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಯಾವ ಹಸಿರು ಸೊಪ್ಪನ್ನೂ ಒಮ್ಮೆಲೇ ಹೆಚ್ಚಿಸಬಾರದು, ಇದರಲ್ಲಿ ಕೆ ಜೀವಸತ್ವ ದಂಡಿಯಾಗಿದೆ.

ಸ್ಲಾನ್‌ಲುಸ್ ಬಗ್ಗೆ ಒಂದೆರಡು ಮಾತು ಸಾಕು. 'ಆರೋಗ್ಯದ ಸೊಪ್ಪು' ಎಂದು ಅರ್ಥ. ಇಸಬ್ಗೋಲಿನ ಕುಲದ ಈ ಸಣ್ಣ ಗಿಡದ ಎಲೆಯನ್ನು ಜಗಿದು ಕೊಯ್ದ ಬೆರಳಿಗೆ ಇಡುತ್ತಿದ್ದರು. ಎಲೆಯ ಒಗರು ಸಣ್ಣ ರಕ್ತಸ್ರಾವವನ್ನು ತಡೆಯುತ್ತದೆ ನಿಜ. ಜಗಿದ ಬಾಯಿಯ ಬ್ಯಾಕ್ಟೀರಿಯಾ, ಎಲೆಗೆ ಅಂಟಿದ ಹೊಲದ ಮಣ್ಣು ಕೂಡ ಗಾಯಕ್ಕೆ ಹೋಗುತ್ತವೆ ಎಂಬುದೂ ಅಷ್ಟೇ ನಿಜ. ಗಾಯಕ್ಕೆ ಜೇಡರಬಲೆ ತುಂಬುವುದೂ ಹೀಗೆಯೇ. ನೀರು, ಸ್ವಚ್ಛ ಬಟ್ಟೆಯ ಒತ್ತಡ, ಟೆಟನಸ್ ಚುಚ್ಚುಮದ್ದು ಇರುವಾಗ ಇದರ ಅಗತ್ಯವಿಲ್ಲ.

ಕುರುವಿಗೆ ಬ್ರೆಡ್ಡಿನ ಪಟ್ಟು ಐರಿಷ್ ಅಡುಗೆಮನೆಯ ನಿತ್ಯದ ಮದ್ದು. ಎರಡು ದಿನದ ಹಳೆಯ ಬ್ರೆಡ್ ಎರಡು ತುಂಡು, ಮೇಲೆ ಕುದಿನೀರು, ಹೀರಿಕೊಂಡ ಮೇಲೆ ಬಟ್ಟೆಯಲ್ಲಿ ಸುತ್ತಿ ನೀರು ತೊಟ್ಟಿಕ್ಕದಂತೆ ಹಿಂಡಬೇಕು. ಹಿಂಡದಿದ್ದರೆ ಬಿಸಿನೀರು ಸೋರಿ ಸುತ್ತಲಿನ ಚರ್ಮ ಬೇಯುತ್ತದೆ. ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ತಾಳಿಕೊಳ್ಳುವಷ್ಟಾದಾಗ ಕುರುವಿನ ಮೇಲೆ ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಕೆಲಸ ಮಾಡುವುದು ಬ್ರೆಡ್ ಅಲ್ಲ, ಕಾವು. ಬ್ರೆಡ್ ಕಾವನ್ನು ಹಿಡಿದಿಡುತ್ತದೆ ಅಷ್ಟೇ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯೂ ಅದನ್ನೇ ಮಾಡುತ್ತದೆ. ಬಿಸಿಗೆ ರಕ್ತ ಹೆಚ್ಚು ಹರಿದು ಕುರು ಬೇಗ ಹಣ್ಣಾಗುತ್ತದೆ, ತಾನಾಗಿ ಒಡೆಯುತ್ತದೆ. ಬ್ರೆಡ್ ಇರಬೇಕಾದದ್ದು ಬಟ್ಟೆಯ ಒಳಗೆ. ನೇರವಾಗಿ ಇಟ್ಟರೆ ಕುರು ಒಡೆದಾಗ ಹುಡಿ ಗಾಯದೊಳಗೆ ಸೇರುತ್ತದೆ. ಇನ್ನೊಂದು ಕ್ರಮ ತುರಿದ ಬಟ್ಟೆಸೋಪು ಮತ್ತು ಸಕ್ಕರೆ ಸಮಸಮ ಕಲಸಿ ಹಚ್ಚುವುದು, ಸಿಬಿರು ಹೊಕ್ಕ ಬೆರಳಿಗೂ ಇದನ್ನೇ. ಸಕ್ಕರೆ ನೀರನ್ನು ಸೆಳೆಯುತ್ತದೆ, ಸೋಪು ಚರ್ಮ ಮೆದು ಮಾಡುತ್ತದೆ. ಮಧುಮೇಹದವರ ಪಾದಕ್ಕೆ ಬಿಸಿಪಟ್ಟೂ ಬೇಡ, ಸೋಪು ಸಕ್ಕರೆಯೂ ಬೇಡ. ಅಲ್ಲಿ ಸ್ಪರ್ಶ ಕಡಿಮೆಯಾಗಿರುತ್ತದೆ, ಬೊಬ್ಬೆ ಎದ್ದರೂ ತಿಳಿಯದು. ಕುರು ಮುಖದ ನಡುಭಾಗದಲ್ಲಿದ್ದರೆ, ಜ್ವರವಿದ್ದರೆ, ಕೆಂಪು ಗೆರೆ ಮೇಲಕ್ಕೆ ಹತ್ತುತ್ತಿದ್ದರೆ ವೈದ್ಯರೇ ಸರಿ.

ಎರಡನೆಯ ತಪ್ಪು ಬೆಣ್ಣೆ. ಸುಟ್ಟ ಗಾಯಕ್ಕೆ ಬೆಣ್ಣೆ, ಹೆಬ್ಬಾತಿನ ಕೊಬ್ಬು ಹಚ್ಚುವುದು ಐರ್ಲೆಂಡಿನಲ್ಲಿ ಇತ್ತು, ನಮ್ಮಲ್ಲೂ ಉಂಟು. ಎಣ್ಣೆಪದರ ಬಿಸಿಯನ್ನು ಒಳಗೇ ಹಿಡಿಯುತ್ತದೆ, ಆಸ್ಪತ್ರೆಯಲ್ಲಿ ಅದನ್ನು ಉಜ್ಜಿ ತೆಗೆಯುವಾಗ ಚರ್ಮವೂ ಬರುತ್ತದೆ. ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯುವುದು ಸರಿಯಾದ ಕ್ರಮ. ಮಂಜುಗಡ್ಡೆ ಬೇಡ. ಸುಟ್ಟು ಒಂದೆರಡು ಗಂಟೆ ಕಳೆದಿದ್ದರೂ ನೀರಿನಿಂದ ಪ್ರಯೋಜನವಿದೆ. ಇಪ್ಪತ್ತು ನಿಮಿಷ ಎಂದರೆ ಇಪ್ಪತ್ತೇ, ಗಡಿಯಾರ ನೋಡಿಕೊಂಡು, ಏಕೆಂದರೆ ನೋವು ಇಳಿದ ಕೂಡಲೇ ಜನ ನಲ್ಲಿ ನಿಲ್ಲಿಸುತ್ತಾರೆ. ಐರಿಷ್ ಹಳ್ಳಿಗಳಲ್ಲಿ ಸುಟ್ಟಗಾಯಕ್ಕೆ ಇನ್ನೊಂದು ವಿಚಿತ್ರ ಮದ್ದಿತ್ತು: ನೀರುಹಲ್ಲಿಯಂಥ ನ್ಯೂಟ್ ಎಂಬ ಜೀವಿಯ ಹೊಟ್ಟೆಯನ್ನು ನೆಕ್ಕಿದವರ ನಾಲಿಗೆಗೆ ಸುಟ್ಟಗಾಯ ವಾಸಿಮಾಡುವ ಶಕ್ತಿ ಬರುತ್ತದೆ ಎಂಬ ನಂಬಿಕೆ. ನೆಕ್ಕುವ ಉತ್ಸಾಹಿಗಳು ಈಗ ಕಡಿಮೆ. ಬೆಣ್ಣೆಯವರು ಮಾತ್ರ ಇನ್ನೂ ಇದ್ದಾರೆ.

ಮೂರನೆಯದು ಗುಳ್ಳೆ ಹೋದ ನಿಂಬೆ ಸೋಡಾ. ಇದು ಹಳೆಯದಲ್ಲ, ಆದರೂ ಇಂದಿನ ಐರ್ಲೆಂಡಿನ ನಿಜವಾದ ಮನೆಮದ್ದು ಎಂದರೆ ಇದೇ. ವಾಂತಿಭೇದಿಯಾದ ಮಗುವಿಗೆ ಅಮ್ಮಂದಿರು ಸೆವೆನ್ ಅಪ್ ಬಾಟಲಿ ತೆರೆದಿಟ್ಟು, ಚಮಚದಿಂದ ಕಲಕಿ ಗುಳ್ಳೆ ಹೋಗಿಸಿ ಕುಡಿಸುತ್ತಾರೆ. ಒಂದೆರಡು ಗುಟುಕಿನಿಂದ ದೊಡ್ಡವರಿಗೆ ಏನೂ ಆಗದು. ಮಗುವಿನ ಭೇದಿಗೆ ಇದು ಕೆಟ್ಟ ಆಯ್ಕೆ. ಸಕ್ಕರೆ ಹೆಚ್ಚಾದಾಗ ಕರುಳು ಮೈಯಿಂದ ನೀರನ್ನು ತನ್ನೊಳಕ್ಕೆ ಎಳೆದುಕೊಂಡು ಭೇದಿ ಹೆಚ್ಚುತ್ತದೆ. ಕಳೆದುಹೋದ ಸೋಡಿಯಂ ಈ ಪಾನೀಯದಲ್ಲಿ ಇಲ್ಲದಂತೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಲೀಟರಿಗೆ 75 ಮಿಲಿಮೋಲ್‌ನಂತೆ ಸಮವಾಗಿರುತ್ತವೆ. ಕರುಳಿನ ಗೋಡೆ ಈ ಎರಡನ್ನೂ ಜೊತೆಯಾಗಿ ಹೀರಿ, ಅವುಗಳ ಹಿಂದೆ ನೀರನ್ನೂ ಮೈಗೆ ಎಳೆದುಕೊಳ್ಳುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಗೋಪುರದಂತೆ ತುಂಬಿದರೆ ಮಗುವಿಗೆ ಅಪಾಯ, ಚಾಕುವಿನಿಂದ ಸಮ ಮಾಡಿಕೊಳ್ಳಿ. ಈ ಮಾತನ್ನು ಕರ್ನಾಟಕದ ಅಂಗನವಾಡಿಗಳು ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದಿವೆ. ಅಂಥಲ್ಲಿ ಐರಿಷ್ ಸೋಡಾವನ್ನು ಆಮದು ಮಾಡಿಕೊಳ್ಳುವುದು ತುಪ್ಪವಿಟ್ಟುಕೊಂಡು ಬೆಣ್ಣೆಗೆ ಅಲೆದಂತೆ.

ಬಿಸಿ ವಿಸ್ಕಿಯನ್ನು ಬಿಟ್ಟರೆ ಐರಿಷರು ಮುನಿಸಿಕೊಂಡಾರು. ಪಬ್ಬಿನ ಒಂದು ಅಳತೆ 35.5 ಮಿಲಿಲೀಟರ್. ನಿಂಬೆಯ ಒಂದು ಬಿಲ್ಲೆಗೆ ನಾಲ್ಕೈದು ಲವಂಗ ಚುಚ್ಚಿ, ಒಂದು ಚಮಚ ಕಂದು ಸಕ್ಕರೆ, ಕುದಿ ನಿಂತ 150 ಮಿಲಿಲೀಟರ್ ನೀರು. ಗಾಜು ಬಿರಿಯದಂತೆ ಲೋಟದಲ್ಲಿ ಮೊದಲೇ ಲೋಹದ ಚಮಚ ಇಟ್ಟಿರುತ್ತಾರೆ. ಮೂಗು ಬಿಡಿಸುವುದು ಹಬೆ, ಗಂಟಲಿಗೆ ಹಿತ ಕೊಡುವುದು ಬಿಸಿ ಮತ್ತು ಸಿಹಿ. ವಿಸ್ಕಿ ಮೈ ಬೆಚ್ಚಗಾದಂತೆ ತೋರಿಸುತ್ತದೆ, ಚರ್ಮದ ರಕ್ತನಾಳ ಹಿಗ್ಗುವುದರಿಂದ ಮೈಯ ಶಾಖ ವಾಸ್ತವವಾಗಿ ಹೊರಗೆ ಹೋಗುತ್ತಿರುತ್ತದೆ. ವಿಸ್ಕಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಹಾಕಿದರೂ ಗುಣ ಅಷ್ಟೇ. ನಿದ್ದೆ ಬರಿಸುವ ನೆಗಡಿ ಮಾತ್ರೆಯ ಜೊತೆ ವಿಸ್ಕಿ ಖಂಡಿತ ಬೇಡ.

ತಾನಾಗಿ ಹೋಗುವ ಕಾಯಿಲೆಗಳಿಗೆ ಇಲ್ಲಿನವರ ಕಲ್ಪನೆ ಹೆಚ್ಚು ಅರಳಿದೆ. ನರಹುಲಿಗೆ ಬಸವನಹುಳುವನ್ನು ಉಜ್ಜಿ ಮುಳ್ಳಿಗೆ ಚುಚ್ಚುವುದು, ಕತ್ತರಿಸಿದ ಆಲೂಗಡ್ಡೆ ಉಜ್ಜಿ ಹೂಳುವುದು. ಹುಳು ಒಣಗಿದಂತೆ, ಗಡ್ಡೆ ಕೊಳೆತಂತೆ ನರಹುಲಿಯೂ ಹೋಗುತ್ತದಂತೆ. ಹಳೆಯ ಚರ್ಚುಗಳ ಬಳಿ ಬುಲಾನ್ ಎಂಬ ಗುಳಿಬಿದ್ದ ಕಲ್ಲುಗಳಿರುತ್ತವೆ, ಅದರಲ್ಲಿ ನಿಂತ ಮಳೆನೀರಿನಲ್ಲಿ ಅದ್ದುವುದೂ ಉಂಟು. ಆ ನೀರನ್ನು ಹುಡುಕಿಕೊಂಡು ಹೋಗಬಾರದು, ದಾರಿಯಲ್ಲಿ ಸಿಕ್ಕರೆ ಮಾತ್ರ ಫಲ ಎಂಬ ಷರತ್ತು ಬೇರೆ. ಮಕ್ಕಳ ನರಹುಲಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎರಡು ವರ್ಷದೊಳಗೆ ತಾವಾಗಿ ಉದುರುತ್ತವೆ. ಕೆತ್ತಿ, ಸುಟ್ಟು ಗಾಯ ಮಾಡಿಕೊಳ್ಳುವುದಕ್ಕಿಂತ ಆಲೂಗಡ್ಡೆ ಹೂತು ಕಾಯುವುದು ಮೇಲು, ಇದನ್ನು ತಮಾಷೆಗೆ ಹೇಳುತ್ತಿಲ್ಲ. ರೆಪ್ಪೆಯ ಕುರುವಿಗೆ ಗೂಸ್‌ಬೆರಿ ಎಂಬ ಮುಳ್ಳುಪೊದೆಯ ಹತ್ತು ಮುಳ್ಳು ತಂದು, ಒಂಬತ್ತನ್ನು ಒಂದೊಂದಾಗಿ ಕಣ್ಣಿನತ್ತ ತೋರಿಸಿ, ಹತ್ತನೆಯದನ್ನು ಎಸೆಯುತ್ತಾರೆ. ಚುಚ್ಚುವುದಿಲ್ಲ, ತೋರಿಸುವುದು ಮಾತ್ರ. ಬಿಸಿನೀರಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ದಿನಕ್ಕೆ ಮೂರು ನಾಲ್ಕು ಸಲ ಐದರಿಂದ ಹತ್ತು ನಿಮಿಷ ಇಟ್ಟುಕೊಂಡರೆ ಮುಳ್ಳಿಲ್ಲದೆಯೂ ಇಳಿಯುತ್ತದೆ. ತಲೆನೋವಿಗೆ 'ಬ್ರತ್ ಬ್ರೀಡೆ', ಅಂದರೆ ಜನವರಿ 31ರ ರಾತ್ರಿ ಸಂತ ಬ್ರಿಜಿಡ್ ಹೆಸರಿನಲ್ಲಿ ಹೊರಗಿಟ್ಟು ಇಬ್ಬನಿ ಹಿಡಿದ ಬಟ್ಟೆಯನ್ನು ವರ್ಷವಿಡೀ ತೆಗೆದಿಟ್ಟು ಹಣೆಗೆ ಸುತ್ತುತ್ತಾರೆ. ಇದರಿಂದ ಯಾರಿಗೂ ಕೆಡುಕಾಗಿಲ್ಲ.

ಕೆಡುಕು ಬರುವುದು ಇದೇ ಧೋರಣೆ ದೊಡ್ಡ ಕಾಯಿಲೆಗೆ ಹಬ್ಬಿದಾಗ. ನಾಯಿಕೆಮ್ಮಿನ ಮಗುವನ್ನು ಕತ್ತೆಯ ಹೊಟ್ಟೆಯ ಕೆಳಗೆ ಮೂರು ಸಲ ದಾಟಿಸುವುದು, ಮುಂಗುಸಿಯಂಥ ಸಾಕುಪ್ರಾಣಿ ಫೆರೆಟ್ ಕುಡಿದು ಬಿಟ್ಟ ಹಾಲು ಕುಡಿಸುವುದು ಶಾಲಾ ಸಂಗ್ರಹದಲ್ಲಿ ಹೇರಳವಾಗಿ ಸಿಗುತ್ತವೆ. ನಿಮ್ಮ ಬರಹ ಅದನ್ನೂ 'ಸಣ್ಣಪುಟ್ಟ ಕಾಯಿಲೆ'ಯ ಪಟ್ಟಿಗೆ ಸೇರಿಸಿದೆ. ನಾಯಿಕೆಮ್ಮು ಎಳೆಗೂಸುಗಳನ್ನು ಕೊಲ್ಲುವ ರೋಗ. ಅದು ಮೂರು ತಿಂಗಳು ಎಳೆದು ತಾನಾಗಿ ಹೋಗುವುದರಿಂದ, ಬದುಕಿದ ಮಕ್ಕಳ ಮಟ್ಟಿಗೆ ಕತ್ತೆಗೆ ಹೆಸರು ಬಂತು.

'ದಿ ಕ್ಯೂರ್', ಅಂದರೆ ಕಾಯಿಲೆ ವಾಸಿಮಾಡುವ ಶಕ್ತಿ, ಇದೆ ಎನ್ನುವ ಮನೆತನಗಳ ಬಗೆಗೂ ಹೇಳಬೇಕು. ಒಂದೊಂದು ಕಾಯಿಲೆಗೆ ಒಂದೊಂದು ಮನೆ, ಏಳನೆಯ ಮಗನ ಏಳನೆಯ ಮಗನಿಗೆ ವಿಶೇಷ ಶಕ್ತಿ. ಹಣ ಕೇಳುವಂತಿಲ್ಲ, ಕೆಲವು ಕಡೆ ಥ್ಯಾಂಕ್ಸ್ ಹೇಳುವುದೂ ನಿಷಿದ್ಧ. ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚುವ ನಮ್ಮ ಹಳ್ಳಿಗಳ ಮನೆಗಳನ್ನು ಬಲ್ಲವರಿಗೆ ಇದು ಹೊಸದಲ್ಲ, ಐರಿಷರೂ ಸರ್ಪಸುತ್ತಿಗೆ ಇಂಥವರ ಬಳಿಯೇ ಹೋಗುತ್ತಾರೆ, ಇವತ್ತಿಗೂ. ಹೋಗುವವರನ್ನು ತಡೆಯಲು ನಮಗೆ ಮನಸ್ಸಿಲ್ಲ. ಆದರೆ ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ವಿರೋಧಿ ಮಾತ್ರೆ ಶುರುವಾದರೆ ಹೆಚ್ಚು ಗುಣ. ಹಣೆ, ಕಣ್ಣು, ಮೂಗಿನ ತುದಿಯಲ್ಲಿ ಗುಳ್ಳೆ ಬಂದರೆ ಅದೇ ದಿನ ಕಣ್ಣಿನ ವೈದ್ಯರು ನೋಡಬೇಕು.

ಕೊನೆಗೆ ಬೋಹೋ ಮಣ್ಣು. ಉತ್ತರ ಐರ್ಲೆಂಡಿನ ಫರ್ಮಾನಾ ಕೌಂಟಿಯ ಬೋಹೋ ಊರಿನ ಚರ್ಚಿನ ಅಂಗಳದಲ್ಲಿ 1815ರಲ್ಲಿ ತೀರಿಕೊಂಡ ಪಾದ್ರಿ ಜೇಮ್ಸ್ ಮೆಕ್‌ಗರ್ ಅವರ ಸಮಾಧಿಯ ಮಣ್ಣು ಕಾಯಿಲೆ ಕಳೆಯುತ್ತದೆ ಎಂಬ ನಂಬಿಕೆ. ಚಮಚದಷ್ಟು ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ ದಿಂಬಿನ ಕೆಳಗಿಟ್ಟು, ನಾಲ್ಕನೆಯ ದಿನದೊಳಗೆ ಅದೇ ಜಾಗಕ್ಕೆ ಮರಳಿಸಬೇಕು. 2018ರಲ್ಲಿ ಸ್ವಾನ್ಸಿ ವಿಶ್ವವಿದ್ಯಾಲಯದ ತಂಡ ಬೋಹೋ ಪ್ರದೇಶದ ಮಣ್ಣಿನಲ್ಲಿ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಕುಲದ ಹೊಸ ತಳಿಯೊಂದನ್ನು ಕಂಡಿತು, ಔಷಧಕ್ಕೆ ಬಗ್ಗದ ಹಲವು ಬ್ಯಾಕ್ಟೀರಿಯಾಗಳನ್ನು ಅದು ಪ್ರಯೋಗಾಲಯದ ತಟ್ಟೆಯಲ್ಲಿ ತಡೆಯಿತು. ನಿಮ್ಮ ಬರಹ ಇದನ್ನು 'ಪವಾಡದ ಮಣ್ಣಿಗೆ ವಿಜ್ಞಾನದ ಮುದ್ರೆ' ಎಂದಿದೆ. ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಬಂದದ್ದೂ ಮಣ್ಣಿನ ಇದೇ ಕುಲದಿಂದ, ಹಾಗೆಂದು ಯಾರೂ ಗಾಯಕ್ಕೆ ಮಣ್ಣು ಮೆತ್ತುವುದಿಲ್ಲ. ಬೋಹೋದವರೂ ಮೆತ್ತುವುದಿಲ್ಲ, ದಿಂಬಿನ ಕೆಳಗಿಡುತ್ತಾರೆ. ನಿಮ್ಮ ಬರಹದ 'ಗಾಯಕ್ಕೆ ಹಚ್ಚುತ್ತಾರೆ' ಎಂಬ ಸಾಲು ಟೆಟನಸ್ಸಿಗೆ ಆಹ್ವಾನ.

ಕಾಂಫ್ರಿ ಕಷಾಯ, ಬೆಣ್ಣೆ, ಸೋಡಾ ಈ ಮೂರರ ತಿದ್ದುಪಡಿಯನ್ನಾದರೂ ಮುಂದಿನ ಭಾನುವಾರವೇ, ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಬೇಕೆಂದು ಕೋರುತ್ತೇವೆ. ಜಾಗ ಸಾಲದಿದ್ದರೆ ಈ ಪತ್ರದ ಬೇರೆ ಭಾಗ ಕತ್ತರಿಸಿ, ಕಾಂಫ್ರಿಯದನ್ನು ಕತ್ತರಿಸಬೇಡಿ.

ಇಂತಿ,
ಐರ್ಲೆಂಡಿನಲ್ಲಿ ನೆಲೆಸಿರುವ ಕೆಲವು ಕನ್ನಡಿಗ ಔಷಧತಜ್ಞರು ಮತ್ತು ಸಸ್ಯತಜ್ಞರು
ಕಾರ್ಕ್